ಟೋನಿ ವಿಲಿಯಮ್ಸ್ ಅವರ ಬಲಗೈ: ಅಗಲಿದ ಡ್ರಮ್ಮರ್ ಬಿಟ್ಟುಹೋದ ಧ್ವನಿಮುದ್ರಿಕೆಗಳ ವಿಮರ್ಶೆ

ಅಮೆರಿಕದ ಜಾಝ್ ಡ್ರಮ್ಮರ್ ಟೋನಿ ವಿಲಿಯಮ್ಸ್ ಅವರು 1997ರ ಫೆಬ್ರವರಿ 23ರಂದು ಕ್ಯಾಲಿಫೋರ್ನಿಯಾದ ಡೇಲಿ ಸಿಟಿಯ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. ಪಿತ್ತಕೋಶದ ಶಸ್ತ್ರಚಿಕಿತ್ಸೆಗೆಂದು ದಾಖಲಾಗಿದ್ದ ಅವರಿಗೆ ಅದರ ನಂತರ ಹೃದಯಾಘಾತವಾಯಿತು. ಆಗ ಅವರ ವಯಸ್ಸು 51. ಹದಿನೇಳನೆಯ ವಯಸ್ಸಿಗೇ ಲೋಕಪ್ರಸಿದ್ಧ ತಂಡವೊಂದರ ಲಯವನ್ನು ಹೊತ್ತು ನಿಂತಿದ್ದ ಕಲಾವಿದನಿಗೆ ಅದು ಸಾಯುವ ವಯಸ್ಸಾಗಿರಲಿಲ್ಲ. ಅವರು ಬಿಟ್ಟುಹೋದ ಧ್ವನಿಮುದ್ರಿಕೆಗಳ ರಾಶಿ ಮಾತ್ರ ಬಹಳ ದೊಡ್ಡದು. ಅದರಲ್ಲಿ ಯಾವುದನ್ನು ಕೊಂಡು ಇಟ್ಟುಕೊಳ್ಳಬೇಕು, ಯಾವುದನ್ನು ಒಮ್ಮೆ ಕೇಳಿ ಬಿಡಬಹುದು, ಯಾವುದರಿಂದ ಆರಂಭಿಸಬೇಕು ಎಂಬುದು ಹೊಸ ಕೇಳುಗರಿಗೆ ಸುಲಭವಾಗಿ ಹೊಳೆಯುವುದಿಲ್ಲ. ಆ ದಾರಿಯನ್ನು ಸ್ವಲ್ಪ ತಿಳಿಮಾಡುವುದಕ್ಕಾಗಿ, ಅದಕ್ಕಿಂತ ಹೆಚ್ಚಾಗಿ ಅವರ ಬಗ್ಗೆ ಬೇರೂರಿರುವ ಒಂದು ಅಭಿಪ್ರಾಯವನ್ನು ಒಪ್ಪದೆ, ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಆ ಅಭಿಪ್ರಾಯ ಹೀಗಿದೆ: ಟೋನಿ ವಿಲಿಯಮ್ಸ್ ಇಬ್ಬರು. ಒಬ್ಬರು 1963ರಿಂದ 1969ರವರೆಗೆ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿ ನುಡಿಸಿದ ಅಪ್ರತಿಮ ಪ್ರತಿಭೆ. ಇನ್ನೊಬ್ಬರು ಆಮೇಲೆ ರಾಕ್ ಸಂಗೀತದ ಅಬ್ಬರಕ್ಕೆ ಮನಸೋತು, ಎಲೆಕ್ಟ್ರಿಕ್ ಗಿಟಾರುಗಳ ನಡುವೆ ದೊಡ್ಡ ದೊಡ್ಡ ಡ್ರಮ್ಮುಗಳನ್ನು ಬಾರಿಸತೊಡಗಿದವರು. ಜಾಝ್ ಅಭಿಮಾನಿಗಳು ಮೊದಲನೆಯವರನ್ನು ಹೊಗಳಿ ಎರಡನೆಯವರನ್ನು ಸಹಿಸಿಕೊಳ್ಳುತ್ತಾರೆ. ಜಾಝ್ ಮತ್ತು ರಾಕ್ ಬೆರೆತ ಫ್ಯೂಷನ್ ಸಂಗೀತದ ಅಭಿಮಾನಿಗಳು ಎರಡನೆಯವರನ್ನು ಎತ್ತಿ ಹಿಡಿದು ಮೊದಲನೆಯವರನ್ನು ಚರಿತ್ರೆಯ ಪುಟಕ್ಕೆ ಬಿಡುತ್ತಾರೆ. ಧ್ವನಿಮುದ್ರಿಕೆಗಳನ್ನು ಕಾಲಕ್ರಮದಲ್ಲಿ ಕೇಳುತ್ತಾ ಹೋದರೆ, ಅದರಲ್ಲೂ ಬಲಗೈ ರೈಡ್ ಸಿಂಬಲ್ ಎಂಬ ಲೋಹದ ತಟ್ಟೆಯ ಮೇಲೆ ಮಾಡುವ ಕೆಲಸವನ್ನೇ ಹಿಂಬಾಲಿಸಿದರೆ, ಈ ಎರಡು ತುಂಡುಗಳ ಲೆಕ್ಕ ನಿಲ್ಲುವುದಿಲ್ಲ. ವಾದ್ಯ ದೊಡ್ಡದಾಯಿತು, ಸದ್ದು ಹೆಚ್ಚಿತು, ಜೊತೆಗಾರರು ಬದಲಾದರು. ಆ ಕೈ ಒಂದೇ.

ಟೋನಿ ಅವರು ಹುಟ್ಟಿದ್ದು 1945ರ ಡಿಸೆಂಬರ್ 12ರಂದು ಶಿಕಾಗೊದಲ್ಲಿ, ಬೆಳೆದದ್ದು ಬಾಸ್ಟನ್‌ನಲ್ಲಿ. ತಂದೆ ಟಿಲ್ಮನ್ ವಿಲಿಯಮ್ಸ್ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. ಆ ಊರಿನ ಬಹು ದೊಡ್ಡ ಶಿಕ್ಷಕರಾಗಿದ್ದ ಆ್ಯಲನ್ ಡಾಸನ್ ಅವರಲ್ಲಿ ಹುಡುಗ ಡ್ರಮ್ ಕಲಿತ. ಸ್ಯಾಮ್ ರಿವರ್ಸ್ ಅವರಂಥ ಪ್ರಯೋಗಶೀಲರ ಜೊತೆಗೆ ಇನ್ನೂ ಶಾಲೆಗೆ ಹೋಗುವ ವಯಸ್ಸಿನಲ್ಲೇ ನುಡಿಸಿದ. ಸ್ಯಾಕ್ಸೊಫೋನ್ ವಾದಕ ಜ್ಯಾಕಿ ಮೆಕ್‌ಲೀನ್ 1962ರ ಕೊನೆಯಲ್ಲಿ ಅವರನ್ನು ನ್ಯೂಯಾರ್ಕಿಗೆ ಕರೆತಂದರು. 1963ರ ಮೇ ತಿಂಗಳ ಹೊತ್ತಿಗೆ ಅವರು ಮೈಲ್ಸ್ ಡೇವಿಸ್ ತಂಡದಲ್ಲಿದ್ದರು. ಪಿಯಾನೋದಲ್ಲಿ ಹರ್ಬಿ ಹ್ಯಾಂಕಾಕ್, ಬಾಸ್‌ನಲ್ಲಿ ರಾನ್ ಕಾರ್ಟರ್, ಡ್ರಮ್ಮಿನಲ್ಲಿ ಟೋನಿ: ಜಾಝ್ ಕಂಡ ಲಯವಿಭಾಗಗಳಲ್ಲಿ ಇದಕ್ಕಿಂತ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ಇನ್ನೊಂದಿರಲಾರದು.

ರೈಡ್ ಸಿಂಬಲ್ ಎಂಬುದರ ಪಾತ್ರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಜಾಝ್‌ನಲ್ಲಿ ಬಲಗೈಯ ಕೋಲು ಈ ದೊಡ್ಡ ಕಂಚಿನ ತಟ್ಟೆಯ ಮೇಲೆ ಒಂದು ತೂಗುನಡೆಯನ್ನು ಎಡೆಬಿಡದೆ ಹಿಡಿದಿರುತ್ತದೆ. ಮೃದಂಗದ ಸರ್ವಲಘುವಿನಂತೆ ಇಡೀ ಕಛೇರಿಯ ನಡಿಗೆ ಅದರ ಮೇಲೆ ನಿಂತಿರುತ್ತದೆ. ಎಡಗಾಲು ಹೈ-ಹ್ಯಾಟ್ ಎಂಬ ಜೋಡಿ ತಾಳವನ್ನು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳಲ್ಲಿ ಮುಚ್ಚುತ್ತದೆ. ಟೋನಿ ಈ ಎರಡೂ ಕಟ್ಟಳೆಗಳನ್ನು ಸಡಿಲಿಸಿದರು. ಬಲಗೈಯ ನಡೆಯನ್ನು ಅವರು ಒಂದೇ ಅಚ್ಚಿನಲ್ಲಿ ಇಡಲಿಲ್ಲ; ಒಂದು ಪೆಟ್ಟು ಬಿಟ್ಟು, ಎರಡು ಸೇರಿಸಿ, ಒಂದು ಆವರ್ತದ ಒತ್ತನ್ನು ಮುಂದಿನದಕ್ಕೆ ದಾಟಿಸಿ, ಅಷ್ಟಾದರೂ ನಡಿಗೆ ಒಂದು ಎಳೆಯಷ್ಟೂ ತೊಡರದಂತೆ ಕಾಯ್ದರು. ಎಡಗಾಲನ್ನು ಕೆಲವೊಮ್ಮೆ ನಾಲ್ಕೂ ಎಣಿಕೆಗಳಲ್ಲಿ ಇಳಿಸಿದರು, ಕೆಲವೊಮ್ಮೆ ಪೂರ್ತಿ ಮೌನವಾಗಿಟ್ಟರು. ಕಾಲಪ್ರಮಾಣವನ್ನು ಹಿಡಿದು ತೋರಿಸುವ ಹೊಣೆಯಿಂದ ಡ್ರಮ್ ಹೀಗೆ ಬಿಡುಗಡೆಯಾಯಿತು. ಅದನ್ನು ತಂಡದ ಎಲ್ಲರೂ ಮನಸ್ಸಿನೊಳಗೆ ಹೊತ್ತುಕೊಳ್ಳಬೇಕಾಯಿತು.

ಇದರ ಅತ್ಯಂತ ರೋಮಾಂಚಕ ದಾಖಲೆ 1964ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಫಿಲ್‌ಹಾರ್ಮೋನಿಕ್ ಹಾಲ್‌ನಲ್ಲಿ ನಡೆದ ಕಛೇರಿ. ಮಿಸಿಸಿಪಿ ಮತ್ತು ಲೂಸಿಯಾನಾ ರಾಜ್ಯಗಳಲ್ಲಿ ಕಪ್ಪು ಜನರ ಮತದಾರ ನೋಂದಣಿಗೆ ಹಣ ಕೂಡಿಸಲು ಏರ್ಪಾಡಾಗಿದ್ದ ಆ ಸಂಜೆಯ ನುಡಿಸಾಣಿಕೆ ಎರಡು ಆಲ್ಬಂಗಳಾಗಿ ಹೊರಬಂತು: ವಿಳಂಬದ ರಚನೆಗಳು 'ಮೈ ಫನ್ನಿ ವ್ಯಾಲಂಟೈನ್'ನಲ್ಲಿ, ವೇಗದವು 'ಫೋರ್ ಆ್ಯಂಡ್ ಮೋರ್'ನಲ್ಲಿ. ಮೈಲ್ಸ್ 1959ರಲ್ಲಿ ಸಾವಧಾನವಾಗಿ ಮುದ್ರಿಸಿದ್ದ 'ಸೋ ವಾಟ್' ಎಂಬ ರಚನೆಯನ್ನು ಎರಡನೆಯ ಆಲ್ಬಂನಲ್ಲಿ ಕೇಳಿದರೆ, ಅದೇ ರಾಗರೇಖೆ ಅಟ್ಟಿಸಿಕೊಂಡು ಓಡುತ್ತಿದೆ ಎನಿಸುತ್ತದೆ. ಹಿಂದಿನಿಂದ ಅಟ್ಟುತ್ತಿರುವವರು ಹದಿನೆಂಟರ ಟೋನಿ. ಆ ವೇಗದಲ್ಲೂ ಅವರ ಸಿಂಬಲ್‌ನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ, ಒಣಗಿದ ಕಡ್ಡಿ ಮುರಿದ ಹಾಗೆ ಸ್ಪಷ್ಟವಾಗಿ ಕೇಳುತ್ತದೆ. ತಟ್ಟೆಯ ಗುಂಯ್‌ಗುಟ್ಟುವಿಕೆ ಪೆಟ್ಟುಗಳನ್ನು ನುಂಗುವುದಿಲ್ಲ. ಈ ಒಂದು ಗುಣವನ್ನು ಕಿವಿಯಲ್ಲಿ ಇಟ್ಟುಕೊಂಡರೆ ಮುಂದಿನ ಮೂವತ್ತು ವರ್ಷಗಳ ಯಾವ ಮುದ್ರಿಕೆಯಲ್ಲೂ ಅವರನ್ನು ಗುರುತಿಸಬಹುದು.

ಅದೇ ತಿಂಗಳ 25ರಂದು ಅವರು ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿ ಅವರ 'ಔಟ್ ಟು ಲಂಚ್' ಆಲ್ಬಂಗೆ ನುಡಿಸಿದರು. ಎರಡನ್ನೂ ಒಂದರ ಹಿಂದೆ ಒಂದು ಕೇಳಬೇಕು. ಮೊದಲನೆಯದರಲ್ಲಿ ಡ್ರಮ್ ಎಲ್ಲ ಕಡೆ ಇದೆ. ಎರಡನೆಯದರಲ್ಲಿ ಬೇಕಾದಲ್ಲಿ ಮಾತ್ರ ಇದೆ. ಡಾಲ್ಫಿಯವರ ಕೊಂಕು ಕೊಂಕಾದ ಸಾಲುಗಳ ನಡುವೆ ಟೋನಿ ಬಿಡುವ ತೆರಪುಗಳು ಅವರ ಪೆಟ್ಟುಗಳಷ್ಟೇ ಖಚಿತವಾಗಿವೆ. ಅದೇ ವರ್ಷ ಆಗಸ್ಟ್‌ನಲ್ಲಿ ಬ್ಲೂ ನೋಟ್ ಕಂಪನಿಗಾಗಿ ಅವರ ಹೆಸರಿನಲ್ಲೇ ಮುದ್ರಣವಾದ ಮೊದಲ ಆಲ್ಬಂ 'ಲೈಫ್ ಟೈಮ್'. ಅದರಲ್ಲಿ 'ಬಾರ್ಬ್ಸ್ ಸಾಂಗ್ ಟು ದ ವಿಝರ್ಡ್' ಎಂಬ ಅವರದೇ ರಚನೆಯಿದೆ. ಅದನ್ನು ನುಡಿಸಿದವರು ಹ್ಯಾಂಕಾಕ್ ಮತ್ತು ಕಾರ್ಟರ್ ಇಬ್ಬರೇ, ಡ್ರಮ್ ಇಲ್ಲವೇ ಇಲ್ಲ. ತನ್ನ ಮೊದಲ ಆಲ್ಬಂನಲ್ಲಿ ಹದಿನೆಂಟು ವರ್ಷದ ಡ್ರಮ್ಮರ್ ಒಬ್ಬ ಪೂರ್ತಿ ಒಂದು ರಚನೆಯ ಮಟ್ಟಿಗೆ ಕೋಲು ಕೆಳಗಿಟ್ಟು ಕುಳಿತದ್ದು, ಅವರನ್ನು ಕೇವಲ ಅಬ್ಬರದ ವಾದಕ ಎನ್ನುವವರು ಗಮನಿಸಬೇಕಾದ ಸಂಗತಿ.

ಮೈಲ್ಸ್ ತಂಡದ ಸ್ಟುಡಿಯೊ ಆಲ್ಬಂಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು 1967ರ 'ನೆಫರ್ಟೀಟಿ'ಗೆ, ಅದರಲ್ಲೂ ಅದೇ ಹೆಸರಿನ ಮೊದಲ ರಚನೆಗೆ. ತಂಡದ ಸ್ಯಾಕ್ಸೊಫೋನ್ ವಾದಕ ವೇಯ್ನ್ ಶಾರ್ಟರ್ ಬರೆದ ಹದಿನಾರು ಆವರ್ತಗಳ ಒಂದು ರಾಗರೇಖೆಯನ್ನು ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್ ಮತ್ತೆ ಮತ್ತೆ ನುಡಿಸುತ್ತವೆ; ಮನೋಧರ್ಮಕ್ಕೆ ಅವು ಇಳಿಯುವುದೇ ಇಲ್ಲ. ಬೆಳೆಯುವುದು, ಬಿರಿಯುವುದು, ಮಾತಾಡುವುದು ಎಲ್ಲ ಅಡಿಯಲ್ಲಿ, ಮುಖ್ಯವಾಗಿ ಡ್ರಮ್ಮಿನಲ್ಲಿ. ಪಕ್ಕವಾದ್ಯ ಮತ್ತು ಮುಖ್ಯವಾದ್ಯಗಳು ಇಲ್ಲಿ ಜಾಗ ಬದಲಿಸಿಕೊಂಡಿವೆ. ತನಿ ಆವರ್ತನದಲ್ಲಿ ಲಯವಾದ್ಯಕ್ಕೆ ಪ್ರತ್ಯೇಕ ಸಮಯ ಕೊಡುವುದು ನಮಗೆ ಗೊತ್ತು. ಕೃತಿ ನಡೆಯುತ್ತಿರುವಾಗಲೇ ಅದರ ಅಡಿಯಲ್ಲಿ ತನಿ ನಡೆಯುವುದು, ಆದರೂ ಕೃತಿಗೆ ಪೆಟ್ಟಾಗದಿರುವುದು ಬೇರೆಯೇ ಶಿಸ್ತು.

ಇನ್ನು 'ಇನ್ ಎ ಸೈಲೆಂಟ್ ವೇ'. ಇದು 1969ರ ಫೆಬ್ರವರಿ 18ರಂದು ಮುದ್ರಣವಾಯಿತು. ಮೂರು ಎಲೆಕ್ಟ್ರಿಕ್ ಕೀಬೋರ್ಡುಗಳು, ಇಂಗ್ಲೆಂಡಿನಿಂದ ಆಗತಾನೆ ಬಂದಿದ್ದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಇವರ ನಡುವೆ ಟೋನಿ. ಮೊದಲ ಬದಿಯ ಹದಿನೆಂಟು ನಿಮಿಷಗಳ 'ಶ್‌ಶ್/ಪೀಸ್‌ಫುಲ್'ನಲ್ಲಿ ಅವರು ಮುಚ್ಚಿದ ಹೈ-ಹ್ಯಾಟ್ ಮೇಲೆ ಹದಿನಾರರ ಎಣಿಕೆಯನ್ನು ಬಿಟ್ಟು ಬೇರೇನನ್ನೂ ನುಡಿಸುವುದಿಲ್ಲ ಎಂದರೂ ನಡೆಯುತ್ತದೆ. ನ್ಯೂಯಾರ್ಕಿನ ಅತಿ ಚುರುಕಿನ ಕೈಗಳ ಒಡೆಯ ಒಂದು ಬದಿಯುದ್ದಕ್ಕೂ ತನಗೆ ತಾನೇ ಕಡಿವಾಣ ಹಾಕಿಕೊಂಡು ಕುಳಿತಿದ್ದಾರೆ. ಎರಡನೆಯ ಬದಿಯ 'ಇಟ್ಸ್ ಅಬೌಟ್ ದಟ್ ಟೈಮ್'ನಲ್ಲೂ ಬಹಳ ಹೊತ್ತು ಸ್ನೇರ್ ಡ್ರಮ್ಮಿನ ಅಂಚಿನ ಮೇಲೆ ಕೋಲು ಮಲಗಿಸಿ ಟಕ್ ಟಕ್ ಎನ್ನಿಸುತ್ತಾ ಇರುತ್ತಾರೆ. ಮೈಲ್ಸ್ ಅವರ ಟ್ರಂಪೆಟ್ ಸರದಿ ಬೆಳೆಯುತ್ತಿದ್ದಂತೆ ಒಮ್ಮೆಲೇ ಸ್ನೇರ್, ಕಾಲಿನಿಂದ ಬಾರಿಸುವ ಬಾಸ್ ಡ್ರಮ್, ಸಿಂಬಲ್ ಮೂರೂ ಬಾಯಿ ಬಿಡುತ್ತವೆ. ರಾಕ್ ಸಂಗೀತದ ಗಟ್ಟಿ ತಾಳ ಪೂರ್ತಿ ಬಲದಿಂದ ಇಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ಮತ್ತೆ ಟಕ್ ಟಕ್. ಆ ಸಿಡಿತಕ್ಕೆ ಅಷ್ಟು ತೂಕ ಬಂದದ್ದು ಅದುವರೆಗಿನ ತಡೆಯಿಂದ. ಫ್ಯೂಷನ್ ಡ್ರಮ್ಮಿಂಗ್ ಎಂದರೆ ಸದಾ ಗದ್ದಲ ಎಂದು ತಿಳಿದವರಿಗೆ ನಾನು ಮೊದಲು ಕೇಳಿಸುವುದು ಈ ಬದಿಯನ್ನೇ.

ಮೆಕ್‌ಲಾಫ್ಲಿನ್ ಅಮೆರಿಕಕ್ಕೆ ಬಂದದ್ದೇ ಟೋನಿ ಅವರ ಕರೆಯ ಮೇರೆಗೆ. ಅವರ ನುಡಿಸಾಣಿಕೆಯನ್ನು ಕೇಳಿ ತಮ್ಮ ಹೊಸ ತಂಡಕ್ಕೆ ಆಹ್ವಾನಿಸಿದವರು ಟೋನಿ. ಬಂದ ಕೆಲವೇ ದಿನಗಳಲ್ಲಿ ಮೈಲ್ಸ್ ಕೂಡ ಅವರನ್ನು ಸ್ಟುಡಿಯೊಗೆ ಕರೆದರು. ಮುಂದೆ ಮಹಾವಿಷ್ಣು ಆರ್ಕೆಸ್ಟ್ರಾ, ಆಮೇಲೆ ಎಲ್. ಶಂಕರ್, ಝಾಕಿರ್ ಹುಸೇನ್, ಟಿ.ಎಚ್. ವಿನಾಯಕರಾಮ್ ಅವರೊಂದಿಗೆ ಕಟ್ಟಿದ 'ಶಕ್ತಿ' ತಂಡದ ಮೂಲಕ ನಮ್ಮ ಊರುಗಳ ಸಂಗೀತಪ್ರಿಯರಿಗೆ ಪರಿಚಿತರಾದ ಈ ಗಿಟಾರ್ ವಾದಕರ ಅಮೆರಿಕದ ದಾರಿ ಆರಂಭವಾದದ್ದು ಒಬ್ಬ ಡ್ರಮ್ಮರಿನ ಕರೆಯಿಂದ ಎಂಬುದನ್ನು ಸಾಮಾನ್ಯವಾಗಿ ಯಾರೂ ನೆನೆಯುವುದಿಲ್ಲ.

ಆ ಹೊಸ ತಂಡದ ಹೆಸರು 'ಲೈಫ್‌ಟೈಮ್'. ಅದರ ಮೊದಲ ಆಲ್ಬಂ 'ಎಮರ್ಜೆನ್ಸಿ!'. 1969ರ ಮೇ ತಿಂಗಳ ಕೊನೆಯ ವಾರ ಮುದ್ರಿಸಿ, ಪಾಲಿಡಾರ್ ಕಂಪನಿಯಿಂದ ಎರಡು ತಟ್ಟೆಗಳ ಎಲ್‌ಪಿಯಾಗಿ ಹೊರಬಂದ ಈ ಆಲ್ಬಂ ಈ ಬರಹದ ನಡುಗಂಬ. ದಿನಾಂಕವನ್ನು ಗಮನಿಸಬೇಕು. ಫ್ಯೂಷನ್ ಹುಟ್ಟಿದ್ದು ಮೈಲ್ಸ್ ಅವರ 'ಬಿಚಸ್ ಬ್ರೂ'ವಿನಿಂದ ಎಂದು ಬಹಳ ಜನ ಹೇಳುತ್ತಾರೆ. ಅದು ಮುದ್ರಣವಾದದ್ದು ಅದೇ ವರ್ಷ ಆಗಸ್ಟ್‌ನಲ್ಲಿ, ಅದರಲ್ಲಿ ಟೋನಿ ಇರಲಿಲ್ಲ. ಅವರು ತಮ್ಮ ಗುರುವಿಗಿಂತ ಮೂರು ತಿಂಗಳು ಮುಂಚೆಯೇ ತಮ್ಮದೇ ಬಾಗಿಲನ್ನು ತೆರೆದಿದ್ದರು.

ತಂಡದಲ್ಲಿ ಮೂವರೇ: ಮೆಕ್‌ಲಾಫ್ಲಿನ್ ಗಿಟಾರ್, ಲ್ಯಾರಿ ಯಂಗ್ ಆರ್ಗನ್, ಟೋನಿ ಡ್ರಮ್ ಮತ್ತು ಕೆಲವೆಡೆ ಹಾಡುಗಾರಿಕೆ. ಬಾಸ್ ಗಿಟಾರ್ ಇಲ್ಲ. ಕೆಳಸ್ವರಗಳನ್ನೂ ಯಂಗ್ ಅವರೇ ನೋಡಿಕೊಳ್ಳುತ್ತಾರೆ. ಆರ್ಗನ್, ಗಿಟಾರ್, ಡ್ರಮ್ ಎಂಬ ಈ ಜೋಡಣೆ ಹೊಸದಲ್ಲ. ಅಮೆರಿಕದ ಕಪ್ಪು ಜನರ ಬಡಾವಣೆಗಳ ಕ್ಲಬ್ಬುಗಳಲ್ಲಿ ಆರ್ಗನ್ ವಾದಕ ಜಿಮ್ಮಿ ಸ್ಮಿತ್ ಅವರಂಥವರು ಅದನ್ನು ಮನೆಮಾತು ಮಾಡಿದ್ದರು. ಕುಣಿಯುವವರಿಗೂ ಕುಡಿಯುವವರಿಗೂ ಒಗ್ಗಿದ್ದ ಆ ಹಳೆಯ ಜೋಡಣೆಯನ್ನೇ ತೆಗೆದುಕೊಂಡು, ಗಿಟಾರಿನ ವಿದ್ಯುತ್ತನ್ನು ಏರಿಸಿ, ಆರ್ಗನ್ನನ್ನು ಮೋಡದಂತೆ ಹರಡಿ, ಅದರ ನಟ್ಟನಡುವೆ ಡ್ರಮ್ಮನ್ನು ಕೂರಿಸಿದ್ದು ಟೋನಿ ಮಾಡಿದ ಕೆಲಸ. ಹಾಗಾಗಿ ಇದು ಜಾಝ್‌ಗೆ ರಾಕ್ ಅಂಟಿಸಿದ ಪ್ರಯೋಗವಲ್ಲ, ಜಾಝ್‌ನ ಒಳಗಿನ ಒಂದು ಬಡಾವಣೆಯ ಸಂಗೀತ ರಾಕ್‌ನ ಸದ್ದಿನಲ್ಲಿ ಮಾತಾಡತೊಡಗಿದ್ದು.

ಹೆಸರಿನ ರಚನೆ 'ಎಮರ್ಜೆನ್ಸಿ' ಡ್ರಮ್ಮಿನ ಗರ್ಜನೆಯಿಂದ ತೆರೆದುಕೊಳ್ಳುತ್ತದೆ. ಒಂದು ಗತಿ ಕಿವಿಗೆ ಕೂರುವ ಮೊದಲೇ ಇನ್ನೊಂದು ಬರುತ್ತದೆ. ಗಟ್ಟಿ ತಾಳದಿಂದ ವೇಗದ ಜಾಝ್ ನಡಿಗೆಗೆ, ಅಲ್ಲಿಂದ ತಾಳವೇ ಕರಗಿಹೋದ ಒಂದು ಬಯಲಿಗೆ ತಂಡ ಜಿಗಿಯುತ್ತದೆ. ಇಂಥ ಜಿಗಿತಗಳಲ್ಲಿ ಸಾಮಾನ್ಯವಾಗಿ ಹೊಲಿಗೆ ಕಾಣುತ್ತದೆ. ಇಲ್ಲಿ ಕಾಣದಿರಲು ಕಾರಣ ಬಲಗೈ. ಕೆಳಗೆ ಬಾಸ್ ಡ್ರಮ್ ರಾಕ್ ಮಾತನ್ನಾಡುತ್ತಿದ್ದರೂ ಮೇಲೆ ರೈಡ್ ಸಿಂಬಲ್ 1964ರ ಅದೇ ನಡೆಯನ್ನು ಬಿಟ್ಟಿಲ್ಲ. 'ಸ್ಪೆಕ್ಟ್ರಮ್' ಎಂಬ ರಚನೆಯಲ್ಲಿ ಗಿಟಾರಿನ ಕರ್ಕಶವಾದ ಸದ್ದನ್ನು ಮನಸ್ಸಿನಲ್ಲೇ ಬದಿಗಿರಿಸಿ ಸಿಂಬಲ್ ಒಂದನ್ನೇ ಹಿಂಬಾಲಿಸಿದರೆ, ಫಿಲ್‌ಹಾರ್ಮೋನಿಕ್ ಹಾಲ್‌ನ ಆ ಓಟವೇ ಮತ್ತೆ ಕೇಳುತ್ತದೆ. 'ವಾಶ್ಕರ್' ಕಾರ್ಲಾ ಬ್ಲೇ ಅವರ ರಚನೆ. ಐದು ನಿಮಿಷದೊಳಗೆ ಮುಗಿಯುವ ಅದು ಇಡೀ ಆಲ್ಬಂನಲ್ಲಿ ಅತ್ಯಂತ ಬಿಗಿಯಾದದ್ದು. ಮೊದಲ ಸಲ ಕೇಳುವವರು ಎರಡು ತಟ್ಟೆಗಳನ್ನೂ ಒಟ್ಟಿಗೆ ನುಂಗಲು ಹೋಗದೆ 'ವಾಶ್ಕರ್'ನಿಂದ ಆರಂಭಿಸಿ, ಅದಾದ ಮೇಲೆ ಹೆಸರಿನ ರಚನೆಗೆ, ಅಲ್ಲಿಂದ 'ಸಾಂಗ್ರಿಯಾ ಫಾರ್ ಥ್ರೀ'ಗೆ ಹೋಗುವುದು ಒಳ್ಳೆಯದು.

ಈ ಆಲ್ಬಂನ ಎರಡು ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ಮೊದಲನೆಯದು ಧ್ವನಿಮುದ್ರಣದ ಗುಣಮಟ್ಟ. ಸದ್ದು ಏರಿದಲ್ಲೆಲ್ಲ ಅದು ಒಡೆಯುತ್ತದೆ, ಆರ್ಗನ್ ಮತ್ತು ಗಿಟಾರ್ ಒಂದರೊಳಗೊಂದು ಕಲಸಿಕೊಳ್ಳುತ್ತವೆ, ಬಾಸ್ ಡ್ರಮ್ ಕೆಲವೆಡೆ ಮಸುಕಾಗುತ್ತದೆ. ಮೂಲ ಮುದ್ರಣದಲ್ಲೇ ಸೇರಿಹೋಗಿರುವ ಈ ಒಡಕನ್ನು ಮರುಮುದ್ರಣಗಳು ಪೂರ್ತಿಯಾಗಿ ತೆಗೆಯಲಾರವು. ಆದ್ದರಿಂದ ದುಬಾರಿ ಮರುಮುದ್ರಣವನ್ನು ಕೊಂಡರೆ ಸದ್ದು ಸ್ಫಟಿಕದಂತಾಗುತ್ತದೆ ಎಂಬ ನಿರೀಕ್ಷೆ ಬೇಡ. ಎರಡನೆಯದು ಹಾಡುಗಾರಿಕೆ. ಮೂರು ರಚನೆಗಳಲ್ಲಿ ಟೋನಿ ಮೆಲುದನಿಯಲ್ಲಿ, ಮಾತಿಗೂ ಹಾಡಿಗೂ ನಡುವಿನ ಒಂದು ಧಾಟಿಯಲ್ಲಿ ಹಾಡುತ್ತಾರೆ. ಅದು ಪಳಗಿದ ಗಾಯನವಲ್ಲ. ಅನೇಕ ವಿಮರ್ಶಕರು ಇದಕ್ಕಾಗಿ ಅವರನ್ನು ಕಟುವಾಗಿ ಟೀಕಿಸಿದ್ದಾರೆ. ನನಗೆ ಆ ಟೀಕೆ ಅರ್ಧ ಒಪ್ಪಿಗೆ. 'ಬಿಯಾಂಡ್ ಗೇಮ್ಸ್'ನಲ್ಲಿ ದನಿ ಸಂಗೀತವನ್ನು ಹಿಂದಕ್ಕೆಳೆಯುತ್ತದೆ. 'ವೇರ್'ನಲ್ಲಿ ಮಾತ್ರ ಆ ಹಿಂಜರಿಕೆಯ ದನಿಯೇ ರಚನೆಯ ಮೊದಲ ಭಾಗಕ್ಕೆ ಒಂದು ಒಂಟಿತನವನ್ನು ತಂದುಕೊಡುತ್ತದೆ, ಮತ್ತು ಅದರ ನಂತರ ಬರುವ ವಾದ್ಯಗಳ ಓಟಕ್ಕೆ ಬೇಕಾದ ಬಯಲನ್ನು ಮಾಡಿಕೊಡುತ್ತದೆ.

ಇಷ್ಟು ದೋಷಗಳಿದ್ದೂ ಟೋನಿ ಅವರ ಒಂದೇ ಒಂದು ಆಲ್ಬಂ ಇಟ್ಟುಕೊಳ್ಳಿ ಎಂದರೆ ನಾನು ಇಟ್ಟುಕೊಳ್ಳುವುದು ಇದನ್ನೇ. ಇದರಲ್ಲಿ ಮೂವರು ಯುವಕರು ತಮಗೇ ಪೂರ್ತಿ ಗೊತ್ತಿಲ್ಲದ ಒಂದು ಸಂಗೀತವನ್ನು ನುಡಿಸುತ್ತಾ ನುಡಿಸುತ್ತಾ ಕಂಡುಕೊಳ್ಳುತ್ತಿದ್ದಾರೆ. ಆ ಹುಡುಕಾಟದ ಶಾಖ ಆಮೇಲಿನ ಎಷ್ಟೋ ನಯವಾದ ಫ್ಯೂಷನ್ ಆಲ್ಬಂಗಳಲ್ಲಿ ಸಿಗುವುದಿಲ್ಲ.

1970ರ 'ಟರ್ನ್ ಇಟ್ ಓವರ್'ನಲ್ಲಿ ಕ್ರೀಮ್ ಎಂಬ ರಾಕ್ ತಂಡದಲ್ಲಿದ್ದ ಜ್ಯಾಕ್ ಬ್ರೂಸ್ ಬಾಸ್ ಗಿಟಾರ್ ಹಿಡಿದು ಸೇರಿಕೊಂಡರು. ರಚನೆಗಳು ಚಿಕ್ಕವಾದವು, ಸದ್ದು ಇನ್ನೂ ಒರಟಾಯಿತು. ಚಿಕ್ ಕೊರಿಯಾ ಮತ್ತು ಜಾನ್ ಕೋಲ್ಟ್ರೇನ್ ಅವರ ರಚನೆಗಳೂ ಜೊಬಿಮ್ ಅವರ ಒಂದು ಹಾಡೂ ಇದರಲ್ಲಿವೆ. ಅನುಭವವಾಗಿ ಇದು ಬಲವಾದದ್ದು, ಆದರೆ ಒಂದೊಂದು ರಚನೆಯೂ ಅರಳುವ ಮೊದಲೇ ಕತ್ತರಿಸಿದಂತಿದೆ. 1971ರ 'ಈಗೊ'ದಲ್ಲಿ ಡಾನ್ ಅಲಯಾಸ್ ಮತ್ತು ವಾರನ್ ಸ್ಮಿತ್ ಎಂಬ ಇನ್ನಿಬ್ಬರು ತಾಳವಾದ್ಯಗಾರರಿದ್ದಾರೆ. ಲಯವಾದ್ಯಗಳ ಕೂಡುನುಡಿಸಾಣಿಕೆಯಲ್ಲಿ ಆಸಕ್ತಿ ಇರುವವರು ಅದನ್ನು ತಪ್ಪಿಸಬಾರದು. ಅದರಲ್ಲಿನ 'ದೇರ್ ಕಮ್ಸ್ ಎ ಟೈಮ್' ರಚನೆಯನ್ನು ಗಿಲ್ ಎವನ್ಸ್ ಮುಂದೆ ತಮ್ಮ ದೊಡ್ಡ ವಾದ್ಯವೃಂದಕ್ಕೆ ಎತ್ತಿಕೊಂಡರು. 1972ರ 'ದಿ ಓಲ್ಡ್ ಬಮ್ಸ್ ರಶ್' ಸಂಗ್ರಹ ಪೂರ್ತಿ ಮಾಡಬೇಕೆನ್ನುವವರಿಗೆ ಮಾತ್ರ.

ಆಮೇಲೆ ಮೂರು ವರ್ಷಗಳ ತೆರಪು, ಅದರ ನಂತರ 1975ರ 'ಬಿಲೀವ್ ಇಟ್'. ಲೈಫ್‌ಟೈಮ್ ಎಂಬ ಹೆಸರೇ ಉಳಿದು ತಂಡ ಪೂರ್ತಿ ಹೊಸದಾಯಿತು: ಇಂಗ್ಲೆಂಡಿನ ಗಿಟಾರ್ ವಾದಕ ಆ್ಯಲನ್ ಹೋಲ್ಡ್ಸ್‌ವರ್ತ್, ಕೀಬೋರ್ಡ್‌ನಲ್ಲಿ ಆ್ಯಲನ್ ಪಾಸ್ಕ್ವಾ, ಬಾಸ್‌ನಲ್ಲಿ ಟೋನಿ ನ್ಯೂಟನ್. ಇದು 'ಎಮರ್ಜೆನ್ಸಿ!'ಗೆ ಎಲ್ಲ ರೀತಿಯಲ್ಲೂ ಎದುರು ಬದಿಯ ಆಲ್ಬಂ. ಧ್ವನಿಮುದ್ರಣ ತಿಳಿಯಾಗಿದೆ, ರಚನೆಗಳು ಅಚ್ಚುಕಟ್ಟಾಗಿವೆ, ಹಾಡುಗಾರಿಕೆ ಇಲ್ಲ. ಡ್ರಮ್ ಸೆಟ್ ಕೂಡ ಬದಲಾಗಿದೆ. ಮೈಲ್ಸ್ ತಂಡದಲ್ಲಿದ್ದಾಗ 18 ಅಂಗುಲದ ಚಿಕ್ಕ ಬಾಸ್ ಡ್ರಮ್ ಇಟ್ಟುಕೊಂಡಿದ್ದವರು ಎಪ್ಪತ್ತರ ದಶಕದಲ್ಲಿ ಗ್ರೆಚ್ ಕಂಪನಿಯ ಹಳದಿ ಬಣ್ಣದ ದೊಡ್ಡ ಸೆಟ್ಟಿಗೆ, 24 ಅಂಗುಲದ ಬಾಸ್ ಡ್ರಮ್ಮಿಗೆ ಬಂದರು. ಚಿಕ್ಕ ಡ್ರಮ್ ಸ್ವರದಂತೆ ಗುಂಯ್ ಎನ್ನುತ್ತದೆ. ದೊಡ್ಡದು ಎದೆಗೆ ತಾಗುತ್ತದೆ. ಸಿಂಬಲ್ ಮಾತ್ರ ಕೆ. ಜಿಲ್ಜಿಯನ್ ಕಂಪನಿಯ ಆ ಹಳೆಯ, ಗಾಢವಾದ, ಒಣದನಿಯದೇ. ಅವರ ಎರಡು ಕಾಲಗಳ ನಡುವಿನ ಸೇತುವೆಯನ್ನು ಇದಕ್ಕಿಂತ ಪ್ರತ್ಯಕ್ಷವಾಗಿ ತೋರಿಸುವುದು ಸಾಧ್ಯವಿಲ್ಲ.

'ಬಿಲೀವ್ ಇಟ್'ನ 'ಫ್ರೆಡ್' ಹೋಲ್ಡ್ಸ್‌ವರ್ತ್ ಅವರ ರಚನೆ. ಲ್ಯಾಟಿನ್ ಛಾಯೆಯ ಒಂದು ಹಗುರಾದ ಓಟದ ಮೇಲೆ ಗಿಟಾರ್ ಜಾರುತ್ತಾ ಹೋಗುವಾಗ ಡ್ರಮ್ ಅದನ್ನು ಎಲ್ಲಿ ಎತ್ತುತ್ತದೆ ಎಂಬುದನ್ನು ಗಮನಿಸಬೇಕು. ಗಿಟಾರಿನ ಸಾಲು ಮುಗಿದ ಮೇಲೆ ಖಾಲಿಯಾದ ಜಾಗವನ್ನು ತುಂಬುವುದು ಸಾಮಾನ್ಯ ಡ್ರಮ್ಮರುಗಳ ರೂಢಿ. ಟೋನಿ ಸಾಲು ಇನ್ನೂ ನಡೆಯುತ್ತಿರುವಾಗಲೇ ಅದರ ಮುಂದಿನ ತಿರುವನ್ನು ಊಹಿಸಿ ಒಂದು ಉರುಳಿಕೆಯನ್ನು ಆರಂಭಿಸುತ್ತಾರೆ, ಇಬ್ಬರೂ ಒಟ್ಟಿಗೆ ಮುಕ್ತಾಯಕ್ಕೆ ಬಂದು ಇಳಿಯುತ್ತಾರೆ. ಇದು ಮೈಲ್ಸ್ ತಂಡದಲ್ಲಿ ಶಾರ್ಟರ್ ಅವರ ಜೊತೆಗೆ ಮಾಡುತ್ತಿದ್ದ ಕೆಲಸವೇ. 'ಸ್ನೇಕ್ ಆಯಿಲ್'ನ ಭಾರವಾದ ನಡೆ, 'ರೆಡ್ ಅಲರ್ಟ್'ನ ಬಿರುಸು ರಾಕ್ ಕೇಳಿ ಬೆಳೆದವರಿಗೆ ತಕ್ಷಣ ಹಿಡಿಸುತ್ತವೆ. ಪಾಸ್ಕ್ವಾ ಬರೆದ 'ಪ್ರೊಟೊ-ಕಾಸ್ಮೊಸ್'ನಲ್ಲಿ ವೇಗವೂ ಹಾಡುಗುಣವೂ ಒಟ್ಟಿಗೆ ಇವೆ. ಹೊಸಬರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಟೋನಿ ವಿಲಿಯಮ್ಸ್ ಆಲ್ಬಂ ಇಲ್ಲ. ಒಂದು ವೇಳೆ ನಿಮ್ಮ ಮನೆಯಲ್ಲಿ ಡ್ರಮ್ ಕಲಿಯುತ್ತಿರುವ ಮಗುವಿದ್ದರೆ ಇದನ್ನೇ ಮೊದಲು ಕೇಳಿಸಿ. 1976ರ 'ಮಿಲಿಯನ್ ಡಾಲರ್ ಲೆಗ್ಸ್' ಅದೇ ತಂಡದ್ದಾದರೂ ಬಹಳ ಮೆತ್ತಗಾಗಿದೆ. ಇವೆರಡನ್ನೂ ಸೇರಿಸಿ 1992ರಲ್ಲಿ 'ಲೈಫ್‌ಟೈಮ್: ದ ಕಲೆಕ್ಷನ್' ಎಂಬ ಒಂದೇ ಸಿಡಿ ಬಂದಿತ್ತು, ಹಳೆಯ ಸಿಡಿಗಳ ಅಂಗಡಿಯಲ್ಲಿ ಕಣ್ಣಿಗೆ ಬಿದ್ದರೆ ಬಿಡಬೇಡಿ.

1979ರ 'ದ ಜಾಯ್ ಆಫ್ ಫ್ಲೈಯಿಂಗ್' ಒಂದು ಆಲ್ಬಂ ಎನ್ನುವುದಕ್ಕಿಂತ ಬೇರೆ ಬೇರೆ ಜೊತೆಗಾರರೊಂದಿಗಿನ ಬಿಡಿ ನುಡಿಸಾಣಿಕೆಗಳ ಕಟ್ಟು. ಬಹುಪಾಲು ಬಿಡಬಹುದು. ಆದರೆ ಅದರ ಕೊನೆಯಲ್ಲಿ ಪಿಯಾನೋ ವಾದಕ ಸೆಸಿಲ್ ಟೇಲರ್ ಅವರೊಂದಿಗಿನ 'ಮಾರ್ಗನ್ಸ್ ಮೋಷನ್' ಎಂಬ ಜುಗಲಬಂದಿ ಇದೆ. ತಾಳದ ಹಂಗೇ ಇಲ್ಲದ ಟೇಲರ್ ಅವರ ಸ್ವರಗಳ ಸುರಿಮಳೆಯ ಎದುರು ಟೋನಿ ಹಿಂಜರಿಯದೆ ನಿಲ್ಲುತ್ತಾರೆ. ಒಂದೇ ವಾದಕ ಒಂದೇ ಎಲ್‌ಪಿಯಲ್ಲಿ ರಾಕ್ ಗಿಟಾರಿಗೂ ಸೆಸಿಲ್ ಟೇಲರಿಗೂ ಸಮನಾಗಿ ನಿಂತ ಉದಾಹರಣೆ ನನಗೆ ತಿಳಿದಂತೆ ಬೇರೊಂದಿಲ್ಲ.

ಎಂಬತ್ತರ ದಶಕದ ಟೋನಿ ಅವರನ್ನು ಫ್ಯೂಷನ್ ಅಭಿಮಾನಿಗಳು ಅಷ್ಟಾಗಿ ಕೇಳುವುದಿಲ್ಲ. ಅದು ಅವರಿಗೇ ನಷ್ಟ. ಈ ಹೊತ್ತಿಗೆ ಅವರು ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿ, ರಚನಾಶಾಸ್ತ್ರವನ್ನು ಶಿಷ್ಯನಾಗಿ ಕುಳಿತು ಕಲಿತಿದ್ದರು. ಇಪ್ಪತ್ತು ವರ್ಷ ಹೆಸರು ಮಾಡಿದ ಮೇಲೆ ಹೀಗೆ ಮತ್ತೆ ಕಲಿಯಲು ಕುಳಿತುಕೊಳ್ಳುವ ವಿನಯ ಎಲ್ಲರಿಗೂ ಬರುವುದಲ್ಲ. ಅದರ ಫಲ ಬ್ಲೂ ನೋಟ್‌ಗೆ ಮಾಡಿದ ಸಾಲು ಆಲ್ಬಂಗಳಲ್ಲಿ ಕಾಣುತ್ತದೆ: 'ಫಾರಿನ್ ಇಂಟ್ರೀಗ್', 'ಸಿವಿಲೈಸೇಷನ್', 'ಏಂಜಲ್ ಸ್ಟ್ರೀಟ್', 'ನೇಟಿವ್ ಹಾರ್ಟ್', 'ದ ಸ್ಟೋರಿ ಆಫ್ ನೆಪ್ಚೂನ್'. ವಾಲೇಸ್ ರೋನಿ ಟ್ರಂಪೆಟ್, ಎರಡನೆಯ ಆಲ್ಬಂನಿಂದ ಬಿಲ್ ಪಿಯರ್ಸ್ ಸ್ಯಾಕ್ಸೊಫೋನ್, ಮಲ್ಗ್ರೂ ಮಿಲ್ಲರ್ ಪಿಯಾನೋ. ಎಲೆಕ್ಟ್ರಿಕ್ ಗಿಟಾರುಗಳಿಲ್ಲದ ಜಾಝ್ ತಂಡ. ಆದರೆ ಡ್ರಮ್ ಸೆಟ್ ಮಾತ್ರ ಅದೇ ದೊಡ್ಡ ಹಳದಿಯದು. ಅರವತ್ತರ ದಶಕದ ಗರಿಯಂಥ ಸ್ಪರ್ಶ ಇಲ್ಲಿಲ್ಲ ಎಂದು ಕೆಲವರು ಕೊರಗುತ್ತಾರೆ, ಆ ಕೊರಗಿನಲ್ಲಿ ಹುರುಳಿಲ್ಲದೆ ಇಲ್ಲ. ಒಮ್ಮೊಮ್ಮೆ ಸ್ನೇರ್‌ನ ಹೊಡೆತ ಪಿಯಾನೋದ ಸೂಕ್ಷ್ಮವನ್ನು ಮುಚ್ಚುತ್ತದೆ. ಆದರೆ ರಚನಕಾರರಾಗಿ ಅವರು ಎಷ್ಟು ಬೆಳೆದಿದ್ದರು ಎಂಬುದು ಇಲ್ಲಿ ಮಾತ್ರ ತಿಳಿಯುತ್ತದೆ. 'ಫಾರಿನ್ ಇಂಟ್ರೀಗ್'ನಲ್ಲಿರುವ ಅವರ 'ಸಿಸ್ಟರ್ ಶೆರಿಲ್' ಒಮ್ಮೆ ಕೇಳಿದರೆ ಗುನುಗುವಂಥದ್ದು. ಟ್ರಂಪೆಟ್ ವಾದಕ ವಿಂಟನ್ ಮಾರ್ಸಾಲಿಸ್ ಅದನ್ನು ತಮ್ಮ ಮೊದಲ ಆಲ್ಬಂನಲ್ಲಿ ನುಡಿಸಿದ್ದರು. ಈ ತಂಡವನ್ನು ಒಂದೇ ಕಡೆ ಕೇಳಬೇಕೆಂದರೆ 1993ರಲ್ಲಿ ಹೊರಬಂದ 'ಟೋಕಿಯೊ ಲೈವ್' ಸಾಕು.

ಕೊನೆಯ ಮೂರು ವರ್ಷಗಳಲ್ಲಿ ಅವರು ಒಂದೇ ದಿಕ್ಕಿನಲ್ಲಿ ಹೋಗಲಿಲ್ಲ. ಮೈಲ್ಸ್ ಅವರ ನೆನಪಿಗೆ ಹಳೆಯ ಜೊತೆಗಾರರೊಂದಿಗೆ ಮಾಡಿದ 'ಎ ಟ್ರಿಬ್ಯೂಟ್ ಟು ಮೈಲ್ಸ್'ಗೆ ಗ್ರ್ಯಾಮಿ ಬಂತು. ಬಾಸ್ ವಾದಕ ಬಿಲ್ ಲ್ಯಾಸ್ವೆಲ್ ಜೊತೆಗೆ 'ಆರ್ಕಾನಾ' ಎಂಬ ಹೆಸರಿನಲ್ಲಿ ಮತ್ತೆ ಎಲೆಕ್ಟ್ರಿಕ್ ಸದ್ದಿನ ಕಾಡಿಗೆ ಇಳಿದರು. 1996ರ 'ವೈಲ್ಡರ್ನೆಸ್'ನಲ್ಲಿ ಹ್ಯಾಂಕಾಕ್, ಮೈಕಲ್ ಬ್ರೆಕರ್, ಪ್ಯಾಟ್ ಮೆಥೀನಿ, ಸ್ಟಾನ್ಲಿ ಕ್ಲಾರ್ಕ್ ಅವರ ಜೊತೆಗೆ ಒಂದು ಆರ್ಕೆಸ್ಟ್ರಾವನ್ನೇ ಸೇರಿಸಿಕೊಂಡು ತಾವು ಕಲಿತ ರಚನಾವಿದ್ಯೆಯನ್ನು ದೊಡ್ಡ ಪಟದ ಮೇಲೆ ಬರೆಯಲು ಹೊರಟರು. ಆ ಆಲ್ಬಂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆರ್ಕೆಸ್ಟ್ರಾದ ಭಾಗಗಳು ಒಂದು ಕಡೆ, ತಂಡದ ಭಾಗಗಳು ಇನ್ನೊಂದು ಕಡೆ ನಿಂತಿವೆ. ಇನ್ನೊಂದೆರಡು ಇಂಥ ಪ್ರಯತ್ನಗಳಿಗೆ ಅವಕಾಶ ಸಿಕ್ಕಿದ್ದರೆ ಇವು ಬೆಸೆದುಕೊಳ್ಳುತ್ತಿದ್ದವು ಎಂಬ ನಂಬಿಕೆ ಮಾತ್ರ ಅದನ್ನು ಕೇಳಿದಾಗಲೆಲ್ಲ ಬರುತ್ತದೆ. ಅವರ ಸಾವು ಕಸಿದುಕೊಂಡದ್ದು ಮುಖ್ಯವಾಗಿ ಇದನ್ನು. ಅದೇ ವರ್ಷ ಮಲ್ಗ್ರೂ ಮಿಲ್ಲರ್ ಮತ್ತು ಬಾಸ್ ವಾದಕ ಐರಾ ಕೋಲ್ಮನ್ ಅವರೊಂದಿಗೆ ಮೂವರ ತಂಡವಾಗಿ ಮುದ್ರಿಸಿದ 'ಯಂಗ್ ಅಟ್ ಹಾರ್ಟ್'ನಲ್ಲಿ ಹಳೆಯ ಜನಪ್ರಿಯ ರಾಗಗಳನ್ನು ತಗ್ಗಿದ ದನಿಯಲ್ಲಿ ನುಡಿಸಿದ್ದಾರೆ. ದೊಡ್ಡ ಸೆಟ್ಟಿನ ಹಿಂದೆ ಕುಳಿತೇ ಪಿಯಾನೋಗೆ ಎಷ್ಟು ಜಾಗ ಬಿಡಬಹುದು ಎಂಬುದನ್ನು ಇದರಲ್ಲಿ ಕೇಳಬೇಕು. ಸ್ಪರ್ಶ ಕಳೆದುಕೊಂಡರು ಎಂದು ಕೊರಗಿದವರಿಗೆ ಇದೇ ಉತ್ತರ.

ಅವರ ನಂತರ ಬಂದವರಲ್ಲಿ ಡ್ರಮ್ಮರ್ ಸಿಂಡಿ ಬ್ಲ್ಯಾಕ್‌ಮನ್ ಸಾಂಟಾನಾ ಅವರಷ್ಟು ನಿಷ್ಠೆಯಿಂದ ಈ ಸಂಗೀತವನ್ನು ಮುಂದಕ್ಕೆ ಒಯ್ದವರು ಕಡಿಮೆ. 2010ರಲ್ಲಿ ಅವರು 'ಅನದರ್ ಲೈಫ್‌ಟೈಮ್' ಎಂಬ ಆಲ್ಬಂ ಮಾಡಿದರು. 2012ರಲ್ಲಿ ಜ್ಯಾಕ್ ಬ್ರೂಸ್, ವೆರ್ನನ್ ರೀಡ್, ಜಾನ್ ಮೆಡೆಸ್ಕಿ ಅವರೊಡನೆ 'ಸ್ಪೆಕ್ಟ್ರಮ್ ರೋಡ್' ಎಂಬ ಹೆಸರಿನ ತಂಡದಲ್ಲಿ ಟೋನಿ ಅವರ ರಚನೆಗಳನ್ನು ನುಡಿಸಿದರು. 'ಎಮರ್ಜೆನ್ಸಿ!'ಯ ಸದ್ದಿನ ಒಡಕು ಸಹಿಸಲಾಗದವರು ಈ ತಿಳಿಯಾದ ಮುದ್ರಣಗಳಿಂದ ರಚನೆಗಳನ್ನು ಪರಿಚಯ ಮಾಡಿಕೊಂಡು, ಆಮೇಲೆ ಮೂಲಕ್ಕೆ ಹೋಗಬಹುದು.

ಕೊಳ್ಳುವವರಿಗೆ ಇನ್ನೊಂದೆರಡು ಮಾತು. ಪಾಲಿಡಾರ್ ಕಾಲದ ಲೈಫ್‌ಟೈಮ್ ಆಲ್ಬಂಗಳನ್ನು ಒಂದೊಂದಾಗಿ ಹುಡುಕುವುದು ಕಷ್ಟವೆನಿಸಿದರೆ, 1997ರಲ್ಲಿ ಬಂದ 'ಸ್ಪೆಕ್ಟ್ರಮ್: ದ ಆಂಥಾಲಜಿ' ಎಂಬ ಎರಡು ಸಿಡಿಗಳ ಸಂಕಲನ ಆ ವರ್ಷಗಳ ಸಾರವನ್ನು ಒಂದೇ ಕಡೆ ಕೊಡುತ್ತದೆ. ಆನ್‌ಲೈನ್ ಸಂಗೀತ ಸೇವೆಗಳಲ್ಲಿ ಹುಡುಕುವವರು ಟೋನಿ ವಿಲಿಯಮ್ಸ್ ಎಂಬ ಹೆಸರಿನ ಬೇರೆ ಕಲಾವಿದರೂ ಇದ್ದಾರೆ ಎಂಬುದನ್ನು ನೆನಪಿಟ್ಟುಕೊಂಡು, ಲೈಫ್‌ಟೈಮ್ ಎಂದು ಸೇರಿಸಿ ಹುಡುಕಬೇಕು. ಪ್ಲಾಟರ್ಸ್ ಗಾಯನ ತಂಡದ ಟೋನಿ ವಿಲಿಯಮ್ಸ್ ಬೇರೆಯವರು. ಎಲ್ಲಕ್ಕಿಂತ ಮುಖ್ಯವಾಗಿ, ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಇವುಗಳನ್ನು ಕೇಳಿ ತೀರ್ಮಾನಕ್ಕೆ ಬರಬೇಡಿ. ಅದರಲ್ಲಿ ಬಾಸ್ ಡ್ರಮ್ ಕೇಳುವುದೇ ಇಲ್ಲ, ಸಿಂಬಲ್ ಬರೀ ಸಿಳ್ಳಿನಂತಾಗುತ್ತದೆ. ಉಳಿಯುವುದು ಗಿಟಾರ್ ಮಾತ್ರ. ಸಾಧಾರಣ ಬೆಲೆಯದಾದರೂ ಸರಿ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು, 'ಸೋ ವಾಟ್'ನ 1964ರ ಮುದ್ರಣ, 'ವಾಶ್ಕರ್', 'ಫ್ರೆಡ್', 'ಸಿಸ್ಟರ್ ಶೆರಿಲ್' ಈ ನಾಲ್ಕನ್ನು ಇದೇ ಕ್ರಮದಲ್ಲಿ ಒಂದೇ ಸಂಜೆ ಕೇಳಿ.